ತನ್ನ ಕೈಮೇಲೇ ನೋಡಿದವಳು

ದೊಡ್ಡಮ್ಮ ಹನಿಯಕ್ಕನನ್ನು ಮೊದಲು ಕಂಡ ದಿನ ಮುಖ ಕಾಣಲಿಲ್ಲ, ಕೈ ಕಂಡಿತು. ಹಿಂಬಾಗಿಲು ಅರ್ಧ ತೆರೆದು ಒಂದು ತೋಳು ಹೊರಗೆ ಬಂತು, ಎಣ್ಣೆ ಹೀರಿದ ಟವೆಲ್ಲುಗಳ ಬುಟ್ಟಿಯನ್ನು ಒಗೆಯುವ ಕಲ್ಲಿನ ಪಕ್ಕ ಇಟ್ಟಿತು, ಮತ್ತೆ ಒಳಗೆ ಹೋಯಿತು. ಬಳೆ ಇರಲಿಲ್ಲ, ಉಂಗುರ ಇರಲಿಲ್ಲ, ಉಗುರನ್ನು ಗಿಡ್ಡಕ್ಕೆ ಕತ್ತರಿಸಿತ್ತು. ದುಡಿಯುವ ಹೆಂಗಸಿನ ಕೈ ಅಷ್ಟು ಮೆತ್ತಗೆ, ಅಷ್ಟು ಚೊಕ್ಕಟವಾಗಿ ಇರುವುದನ್ನು ದೊಡ್ಡಮ್ಮ ಅಲ್ಲಿಯವರೆಗೆ ಎಲ್ಲೂ ನೋಡಿರಲಿಲ್ಲ.

ದೊಡ್ಡಮ್ಮನಿಗೆ ಅದು ಕೆಲಸದ ಮೊದಲ ದಿನ. ಗಂಡ ತೀರಿಕೊಂಡು ವರ್ಷವಾಗಿತ್ತು. ಓದು ಬರಹ ಹೆಸರು ಬರೆಯುವಷ್ಟು. ಗೊತ್ತಿದ್ದ ವಿದ್ಯೆ ಎಂದರೆ ಬಟ್ಟೆ ಒಗೆಯುವುದು ಒಂದೇ, ಆದರೆ ಅದು ಚೆನ್ನಾಗಿ ಗೊತ್ತಿತ್ತು. ಔಷಧಿ ಅಂಗಡಿಯ ಹಿಂದಿದ್ದ ಮಾಲೀಸಿನ ಮನೆಗೆ ಟವೆಲ್ಲು ಒಗೆಯುವವರು ಬೇಕು ಎಂದು ಯಾರೋ ಹೇಳಿದ್ದರು, ಬಂದಿದ್ದಳು. ಮನೆ ಎಂದರೆ ಎರಡು ಕೋಣೆ. ಒಂದೊಂದರಲ್ಲೂ ಎತ್ತರದ ಒಂದು ಮಂಚ, ಗೋಡೆಗೆ ಕಪಾಟು, ಕಪಾಟಿನ ತುಂಬ ಕಂದು ಗಾಜಿನ ಪುಟ್ಟ ಸೀಸೆಗಳು. ಹಿತ್ತಲಲ್ಲಿ ನಲ್ಲಿ, ಕಲ್ಲು, ಬಿಸಿನೀರಿನ ಹಂಡೆ, ಒಣಹಾಕಲು ತಂತಿ.

ದೊಡ್ಡಮ್ಮ ಬುಟ್ಟಿಗೆ ಕೈ ಹಾಕಿದಳೋ ಇಲ್ಲವೋ, ಒಳಗಿನಿಂದ ಕೂಗು ಬಂತು.

"ಅಯ್ಯೋ, ಮುಟ್ಟಬೇಡಿ! ಮುಟ್ಟಬೇಡಿ ದೊಡ್ಡಮ್ಮ!"

ಆಗ ಮುಖ ಕಂಡಿತು. ದುಂಡು ಮುಖ, ಹಣೆಯ ಮೇಲೆ ಬೆವರು, ನಲವತ್ತರ ಆಚೆ ಈಚೆ ವಯಸ್ಸು. ಮೊಣಕೈಯಿಂದಲೇ ಬಾಗಿಲು ದೂಡಿಕೊಂಡು ಬಂದಳು.

"ಟವೆಲ್ಲು ಒಗೆಯೋಕೆ ಬಂದವಳಮ್ಮ ನಾನು. ಮುಟ್ಟದೆ ಹೇಗೆ ಒಗೀಲಿ, ಕಣ್ಣಲ್ಲಾ?"

ಅವಳು ನಕ್ಕುಬಿಟ್ಟಳು. "ಬಾಯಿ ಇದೆ ನಿಮಗೆ. ಎಲ್ಲಿ, ಕೈ ತೋರಿಸಿ."

ದೊಡ್ಡಮ್ಮ ಕೈ ಚಾಚಿದಳು. ಸೋಪು ಸೋಡಾದಲ್ಲಿ ಬೆಂದ ಕೈ. ಬೆರಳ ಗೆಣ್ಣಿನಲ್ಲೆಲ್ಲ ಬಿರುಕು, ಹೆಬ್ಬೆರಳಿನ ಹತ್ತಿರ ಒಂದು ಬಿರುಕು ಕೆಂಪಗೆ ಬಾಯಿ ಬಿಟ್ಟಿತ್ತು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಈ ಟವೆಲ್ಲಲ್ಲಿ ಇರೋದು ಬರೀ ಎಣ್ಣೆ ಅಲ್ಲ. ಗಿಡದ ಎಲೆ, ತೊಗಟೆ, ಸಿಪ್ಪೆ ಎಲ್ಲಾ ಭಟ್ಟಿ ಇಳಿಸಿ ತೆಗೆದ ಸಾರ. ನಾವು ಘಾಟೆಣ್ಣೆ ಅಂತೀವಿ. ಒಡೆದ ಚರ್ಮಕ್ಕೆ ಅದು ಇಳಿದ್ರೆ ಮೆಣಸಿನಕಾಯಿ ಅರೆದು ತುಂಬಿದ ಹಾಗೆ. ಕೂತ್ಕೊಳ್ಳಿ ಇಲ್ಲಿ."

ಒಗೆಯುವ ಕಲ್ಲಿನ ಮೇಲೆಯೇ ಕೂರಿಸಿ, ಒಳಗಿನಿಂದ ಬಟ್ಟಲಲ್ಲಿ ಸಾದಾ ಕೊಬ್ಬರಿ ಎಣ್ಣೆ ತಂದು, ಅವಳು ದೊಡ್ಡಮ್ಮನ ಎರಡೂ ಕೈಗೆ ಹಚ್ಚಿದಳು. ಅಂಗೈ, ಬೆರಳಿನ ಸಂದು, ಮಣಿಕಟ್ಟು. ಅವಸರ ಮಾಡಲಿಲ್ಲ. ಆಮೇಲೆ ಉದ್ದನೆಯ ದಪ್ಪ ರಬ್ಬರ್ ಗ್ಲೌಸು ಕೊಟ್ಟಳು. "ಇದು ಹಾಕ್ಕೊಳ್ಳದೆ ಬುಟ್ಟಿ ಮುಟ್ಟಿದ್ರೆ ನನ್ನ ನಿಮ್ಮ ಜಗಳ."

ಗಂಡ ಹೋದ ಮೇಲೆ ಇನ್ನೊಬ್ಬರು ತನ್ನ ಕೈ ಹಿಡಿದದ್ದು ಅದೇ ಮೊದಲು ಎಂಬುದು ಟವೆಲ್ಲು ಹಿಂಡುವಾಗ ದೊಡ್ಡಮ್ಮನಿಗೆ ನೆನಪಾಯಿತು. ಅಷ್ಟೇ. ಅದನ್ನು ಯಾರಿಗೆ ಹೇಳುವುದು?

*

ಅವಳ ನಿಜವಾದ ಹೆಸರನ್ನು ಅಲ್ಲಿ ಯಾರೂ ಕರೆಯುತ್ತಿರಲಿಲ್ಲ. ಹನಿ ಎಣಿಸಿ ಎಣಿಸಿ ಹನಿಯಕ್ಕ ಆಗಿದ್ದಳು. ಒಂದು ಚಮಚ ಸಾದಾ ಎಣ್ಣೆಗೆ ಎರಡು ಹನಿ ಘಾಟೆಣ್ಣೆ, ಮುಖಕ್ಕಾದರೆ ಒಂದೇ ಹನಿ. ಬ್ರಹ್ಮ ಬಂದು ಕೇಳಿದರೂ ಮೂರನೇ ಹನಿ ಬೀಳುತ್ತಿರಲಿಲ್ಲ.

ಸೊಂಟ ನೋವಿಗೆ ಬರುತ್ತಿದ್ದ ಬಸ್ ಡ್ರೈವರ್ ಒಬ್ಬ ಇದ್ದ. ಮಂಚದ ಮೇಲೆ ಬೋರಲು ಮಲಗಿಯೇ ಜಗಳ ತೆಗೆಯುತ್ತಿದ್ದ.

"ಏನಕ್ಕಾ ಇದು, ಕಣ್ಣಿಗೆ ಔಷಧಿ ಬಿಟ್ಟ ಹಾಗೆ! ಸೀಸೆ ಬಗ್ಗಿಸಿ ಸುರೀರಿ. ನಾನೇನು ಪುಕ್ಕಟೆ ಬಂದಿದ್ದೀನಾ?"

"ಅಡುಗೆಗೆ ಉಪ್ಪು ಹಾಕ್ತಾರಣ್ಣ, ಉಪ್ಪಿಗೇ ಅಡುಗೆ ಹಾಕಲ್ಲ."

"ನನ್ನ ಚರ್ಮ ಎಮ್ಮೆ ಚರ್ಮ, ಏನೂ ಆಗಲ್ಲ."

"ಎಮ್ಮೆಗೂ ನೋವಾಗುತ್ತೆ. ಅದು ನಿಮ್ಮಷ್ಟು ಬಾಯಿ ಮಾಡಲ್ಲ, ಅಷ್ಟೇ ವ್ಯತ್ಯಾಸ."

ಹಿತ್ತಲಲ್ಲಿ ಟವೆಲ್ಲು ಕುಕ್ಕುತ್ತಿದ್ದ ದೊಡ್ಡಮ್ಮನಿಗೆ ಇದೆಲ್ಲ ಕೇಳಿಸುತ್ತಿತ್ತು. ಕೇಳುತ್ತ ಕೇಳುತ್ತ ಅವಳಿಗೂ ಆ ಮನೆಯ ಕಟ್ಟುಪಾಡು ಬಾಯಿಪಾಠವಾಯಿತು. ನಿಂಬೆ ಸಿಪ್ಪೆಯ ಎಣ್ಣೆ ಹಚ್ಚಿಸಿಕೊಂಡವರು ಆ ದಿನ ಬಿಸಿಲಿಗೆ ಮೈ ಒಡ್ಡಬಾರದು, ಸುಟ್ಟ ಹಾಗೆ ಕಪ್ಪು ಮಚ್ಚೆ ಏಳುತ್ತದೆ. ದಾಲ್ಚಿನ್ನಿ, ಲವಂಗ ಉರಿಯ ಜಾತಿ, ಮುಖದ ಹತ್ತಿರ ತರಬಾರದು. ಬಸುರಿಯರು ಡಾಕ್ಟರನ್ನು ಕೇಳದೆ ಯಾವುದನ್ನೂ ಮುಟ್ಟಬಾರದು. ಕಣ್ಣಿಗೆ ಸಿಡಿದರೆ ಮೊದಲು ಸಾದಾ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು, ಆಮೇಲೆ ನೀರು ಹಾಕಿ ಡಾಕ್ಟರ ಹತ್ತಿರ ಓಡಬೇಕು. ಒಮ್ಮೆ ಪಕ್ಕದ ಬೀದಿಯ ತಾಯಿಯೊಬ್ಬಳು, ಮಗುವಿಗೆ ನೆಗಡಿ, ಮೂಗಿನ ಕೆಳಗೆ ಹಚ್ಚಲು ಎರಡು ಹನಿ ನೀಲಗಿರಿ ಎಣ್ಣೆ ಕೊಡಿ ಎಂದು ಬಂದಳು. ಹನಿಯಕ್ಕ ಸೀಸೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ದೊಡ್ಡವರಿಗೆ ಮೂಗು ಬಿಡಿಸೋದು ಕೂಸಿಗೆ ಉಸಿರೇ ಕಟ್ಟಿಸುತ್ತಮ್ಮ. ಬಯ್ಯೋದಾದ್ರೆ ನನ್ನ ಬಯ್ಕೋ, ಕೂಸನ್ನ ಡಾಕ್ಟರಿಗೆ ತೋರ್ಸು." ತಾಯಿ ಬಯ್ದೇ ಹೋದಳು.

ಟವೆಲ್ಲಿನ ವಿಷಯವನ್ನೂ ಅವಳೇ ಹೇಳಿಕೊಟ್ಟಳು. ಒಣಗಿದ ಟವೆಲ್ಲನ್ನು ಬಿಸಿ ಬಿಸಿಯಾಗಿ ಮಡಚಿ ರಾಶಿ ಹಾಕಬಾರದು, ಉಳಿದ ಎಣ್ಣೆ ಒಳಗೊಳಗೇ ಕಾದು ಹೊತ್ತಿಕೊಳ್ಳುತ್ತದೆ. ದೊಡ್ಡಮ್ಮ ಒಂದೊಂದನ್ನೂ ಗಾಳಿಗೆ ಹರಡಿ, ಕೈಯಿಟ್ಟು ತಣ್ಣಗಿದೆ ಎಂದು ನೋಡಿ, ಮೂಸಿ ಮಡಚುತ್ತಿದ್ದಳು. ಮೂಸಿದರೆ ಗೊತ್ತಾಗುತ್ತಿತ್ತು, ಇದು ಡ್ರೈವರನ ಸೊಂಟ, ಇದು ಟೀಚರಮ್ಮನ ಕುತ್ತಿಗೆ.

ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದರು. ಒಂದಷ್ಟು ತಿಂಗಳಲ್ಲಿ 'ನೀವು' ಹೋಗಿ 'ನೀನು' ಬಂತು. ಹನಿಯಕ್ಕನ ಗಂಡ ಬಿಟ್ಟುಹೋದವನು, ಮಕ್ಕಳಿಲ್ಲ. ಬಾಡಿಗೆಯ ಒಂದೇ ಕೋಣೆಯಲ್ಲಿ ಒಬ್ಬಳೇ ಇದ್ದಳು. ಅದೇ ಊರಿನಲ್ಲಿ ಅಣ್ಣನ ಮನೆ ಇತ್ತು.

"ಅಣ್ಣ ಕೆಟ್ಟವನಲ್ಲ. ಅತ್ತಿಗೇನೂ ಕೆಟ್ಟವಳಲ್ಲ," ಎನ್ನುತ್ತಿದ್ದಳು. "ಆದ್ರೆ ಆ ಮನೇಲಿ ತಟ್ಟೆ ಮುಂದೆ ಕೂತಾಗ ನನ್ನ ತುತ್ತು ಎಷ್ಟು ದೊಡ್ಡದು ಅಂತ ನನಗೇ ಕಾಣ್ಸುತ್ತೆ. ಈ ಎರಡು ಕೈ ಇರೋವರೆಗೂ ಅಲ್ಲಿಗೆ ಹೋಗಲ್ಲ ದೊಡ್ಡಮ್ಮ. ನನ್ನ ಆಸ್ತಿ ಅಂದ್ರೆ ಇದೇ." ಹೇಳಿ ಅಂಗೈ ಎರಡನ್ನೂ ಬಿಸಿಲಿಗೆ ಹಿಡಿದು, ಒಣಗಿಸಿಕೊಳ್ಳುವವಳ ಹಾಗೆ ತಿರುಗಿಸುತ್ತಿದ್ದಳು.

*

ಕಟ್ಟುಪಾಡಿನಲ್ಲೆಲ್ಲ ದೊಡ್ಡದು ಒಂದಿತ್ತು. ಹೊಸ ಎಣ್ಣೆ ಹಚ್ಚುವ ಮೊದಲು, ಬೆರೆಸಿದ್ದರಲ್ಲಿ ಒಂದು ತೊಟ್ಟನ್ನು ಗಿರಾಕಿಯ ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾಯಬೇಕು. ಕೆಂಪಾಗದಿದ್ದರೆ, ತುರಿಸದಿದ್ದರೆ ಮಾತ್ರ ಮೈಗೆ.

ಆದರೆ ಯಾರು ಕಾಯುತ್ತಾರೆ? ಸೊಂಟ ಹಿಡಿದುಕೊಂಡು ಬಂದವನಿಗೆ ಇವತ್ತು ಒಂದು ತೊಟ್ಟು ಹಚ್ಚಿಸಿಕೊಂಡು ಹೋಗಿ ನಾಳೆ ಬನ್ನಿ ಎಂದರೆ ಅವನು ನಾಳೆ ಹೋಗುವುದು ಎದುರು ಬೀದಿಯ ಇನ್ನೊಂದು ಅಂಗಡಿಗೆ. ಮಾಲೀಸಿನ ಮನೆಯ ಯಜಮಾನಿ ಒಳ್ಳೆಯ ಹೆಂಗಸು, ಆದರೂ ವ್ಯಾಪಾರ ವ್ಯಾಪಾರವೇ. "ಮನೆಗೆ ಬಂದ ಗಿರಾಕೀನ ವಾಪಸು ಕಳಿಸೋದು ಯಾವ ಊರಿನ ಪದ್ಧತಿ ಹನಿ? ಹೇಗಾದ್ರೂ ಸುಧಾರಿಸು," ಎಂದಿದ್ದಳು.

ಹನಿಯಕ್ಕ ಸುಧಾರಿಸಿದ ಬಗೆ ಇದು. ಹೊಸ ಸೀಸೆ ಬಂದಾಗಲೆಲ್ಲ, ಹೊಸ ಗಿರಾಕಿಗೆ ಹೊಸದಾಗಿ ಬೆರೆಸಿದಾಗಲೆಲ್ಲ, ಆ ತೊಟ್ಟನ್ನು ತನ್ನ ತೋಳಿಗೇ ಹಚ್ಚಿಕೊಂಡು ನೋಡುತ್ತಿದ್ದಳು. ಬೆರೆಸಿದ್ದಷ್ಟೇ ಅಲ್ಲ, ಬೆರೆಸದ ಎಣ್ಣೆಯನ್ನೂ ಹಚ್ಚುತ್ತಿದ್ದಳು. "ಬೆರೆಸದೇ ಇರೋದನ್ನೇ ನನ್ನ ಕೈ ತಡ್ಕೊಂಡ್ರೆ ಬೆರೆಸಿದ್ದು ಅವರಿಗೆ ಏನು ಮಾಡುತ್ತೆ?" ಅವಳ ತೋಳಿನ ಒಳಮಗ್ಗುಲು ಆ ಬೀದಿಯವರೆಲ್ಲರ ಮೈಯ ಪರವಾಗಿ ಪರೀಕ್ಷೆಗೆ ಕೂರುತ್ತಿತ್ತು.

ಇನ್ನೊಂದು ಇತ್ತು. ಸೀಸೆಯ ತಳದಲ್ಲಿ ಉಳಿದು ಹಳಸಿದ ಎಣ್ಣೆ. ಬೆಳಕು ಗಾಳಿ ತಾಗಿದ ಘಾಟೆಣ್ಣೆ ಕಾಲ ಕಳೆದಂತೆ ಕೆಡುತ್ತದೆ, ಕೆಟ್ಟ ಎಣ್ಣೆ ಹೊಸದಕ್ಕಿಂತ ಹೆಚ್ಚು ಕಚ್ಚುತ್ತದೆ. ಅದು ಹನಿಯಕ್ಕನಿಗೆ ಗೊತ್ತಿದ್ದ ಕಾರಣ ಹಳೆಯದನ್ನು ಗಿರಾಕಿಗೆ ಯಾವತ್ತೂ ಹಚ್ಚಲಿಲ್ಲ. ಆದರೆ ಚೆಲ್ಲಲೂ ಮನಸ್ಸಾಗುತ್ತಿರಲಿಲ್ಲ. ದಿನದ ಕೆಲಸ ಮುಗಿದ ಮೇಲೆ ಸೀಸೆಯನ್ನು ಅಂಗೈಗೆ ಬೋರಲು ಹಾಕಿ, ಕೊಡವಿ, ನೋಯುತ್ತಿದ್ದ ತನ್ನ ಬೆರಳುಗಳಿಗೆ ಉಜ್ಜಿಕೊಳ್ಳುತ್ತಿದ್ದಳು.

ದೊಡ್ಡಮ್ಮ ಒಮ್ಮೆ ಕೇಳಿಯೇಬಿಟ್ಟಳು. "ಅಲ್ಲ ಕಣೇ, ನನಗೆ ಟವೆಲ್ಲು ಮುಟ್ಟೋಕೂ ಬಿಡಲಿಲ್ಲ ನೀನು. ನಿನ್ನ ಕೈ ಏನು ಕಬ್ಬಿಣದ್ದಾ?"

"ನನ್ನ ಕೈಗೆ ಅಭ್ಯಾಸ ಇದೆ."

"ಅಭ್ಯಾಸ ಅಂತ ದಿನಾ ಹಾವಿನ ಬಾಯಿಗೆ ಬೆರಳಿಡ್ತಾರಾ?"

"ನೋಡು ದೊಡ್ಡಮ್ಮ, ಅಡುಗೆಯವಳು ಉಪ್ಪು ಖಾರ ನೋಡೋದು ತನ್ನ ನಾಲಿಗೆಗೇ ತಾನೇ? ಬಂದ ನೆಂಟರ ನಾಲಿಗೆಗೆ ಅಲ್ಲವಲ್ಲ." ಅವಳು ನಕ್ಕಳು. "ಸುಮ್ನಿರು. ಎಲ್ಲರ ನೋವೂ ಈ ಕೈ ಮೇಲೆ ಹೋಗಿದೆ, ಒಂದು ತೊಟ್ಟು ಎಣ್ಣೆ ಏನು ಮಹಾ."

ದೀಪದ ಕೆಳಗೆ ಕತ್ತಲು ಎಂದು ದೊಡ್ಡಮ್ಮ ಗೊಣಗಿಕೊಂಡು ಟವೆಲ್ಲು ಹಿಂಡಿದಳು. ಹಿಂಡಿದ ನೀರು ಹಸಿರು ಹಸಿರಾಗಿ ಮೋರಿಗೆ ಹೋಯಿತು.

*

ಮೊದಲು ಬಂದದ್ದು ತುರಿಕೆ. ಉಂಗುರ ಬೆರಳು, ಕಿರುಬೆರಳಿನ ಸಂದಿಯಲ್ಲಿ ಸಾಸಿವೆಯಷ್ಟು ಗುಳ್ಳೆ. ಹನಿಯಕ್ಕ ಅದನ್ನು ಸೆಖೆಯ ಲೆಕ್ಕಕ್ಕೆ ಹಾಕಿದಳು. ಸೆಖೆ ಹೋಯಿತು, ಗುಳ್ಳೆ ಹೋಗಲಿಲ್ಲ. ಆಮೇಲೆ ಬೆರಳ ತುದಿ ಒಡೆಯಿತು, ಮಣಿಕಟ್ಟಿನವರೆಗೆ ಚರ್ಮ ಕೆಂಪಗೆ, ದಪ್ಪಗೆ, ಸುಟ್ಟ ರೊಟ್ಟಿಯ ಹಾಗೆ ಆಯಿತು. ತೆಳು ಗ್ಲೌಸು ಹಾಕಿಕೊಂಡು ತಿಕ್ಕಿದಳು. ಡ್ರೈವರನೇ ಮೊದಲು ಗೊಣಗಿದ. "ಏನಕ್ಕಾ, ಬಲೂನಿಂದ ಮೈ ಉಜ್ಜಿದ ಹಾಗಿದೆ." ಗೊಣಗಲಿ ಬಿಡಲಿ, ಗ್ಲೌಸಿನಿಂದ ಉಪಯೋಗವೂ ಆಗಲಿಲ್ಲ. ಘಾಟೆಣ್ಣೆ ಆ ತೆಳು ರಬ್ಬರಿನೊಳಗೂ ಇಳಿಯುತ್ತದೆ. ಇಳಿದು ಒಳಗೇ ಬೆವರಿನ ಜೊತೆ ಕೂತಿರುತ್ತದೆ.

ಒಂದು ದಿನ ದೊಡ್ಡಮ್ಮ ಟವೆಲ್ಲಿನಲ್ಲಿ ರಕ್ತ ಕಂಡಳು. ಗಿರಾಕಿಯದಲ್ಲ.

ಆವತ್ತೇ ಅವಳನ್ನು ಎಳೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ವಯಸ್ಸಾದವರು, ಮಾತು ಕಮ್ಮಿ. ಯಾವ ಎಣ್ಣೆ ಒಗ್ಗುವುದಿಲ್ಲ ಎಂದು ನೋಡಲು ಬೆನ್ನಿಗೆ ಬಗೆಬಗೆಯ ಪಟ್ಟಿ ಅಂಟಿಸಿ ಕಳಿಸಿದರು, ಮತ್ತೆ ಕರೆದು ನೋಡಿದರು. ಪಟ್ಟಿಯ ಅಡಿಯಲ್ಲೆಲ್ಲ ಕೆಂಪು ಚೌಕ.

"ಇಷ್ಟು ವರ್ಷ ಏನೂ ಆಗಿರ್ಲಿಲ್ಲ ಡಾಕ್ಟ್ರೇ," ಎಂದಳು ಹನಿಯಕ್ಕ.

"ಅಷ್ಟು ವರ್ಷ ಅದು ಕಲೀತಾ ಇತ್ತಮ್ಮ. ಬೆರೆಸದ್ದು, ಹಳಸಿದ್ದು, ದಿನಾ ಹಚ್ಚಿ ಹಚ್ಚಿ ನೀವೇ ಮೈಗೆ ಪಾಠ ಹೇಳಿಕೊಟ್ಟಿರಿ, ಇದು ಶತ್ರು ಅಂತ. ಈಗ ಕಲಿತುಬಿಟ್ಟಿದೆ."

"ಮರೆಯೋದು ಯಾವಾಗ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಚರ್ಮಕ್ಕೆ ಮರೆವಿಲ್ಲ. ಮುಲಾಮು ಕೊಡ್ತೀನಿ, ಗಾಯ ಮಾಗುತ್ತೆ. ಆದ್ರೆ ಆ ಎಣ್ಣೆ ಮತ್ತೆ ಮುಟ್ಟಿದ್ರೆ ಮತ್ತೆ ಬರುತ್ತೆ. ಒಂದು ಹನಿ ಸಾಕು. ಬೇರೆ ಕೆಲಸ ನೋಡ್ಕೊಳ್ಳಿ."

ಮರಳುವಾಗ ಹನಿಯಕ್ಕ ಬೀದಿಯ ತಿರುವಿನಲ್ಲಿ ನಿಂತು, "ಗಾಯ ಮಾಗುತ್ತೆ ಅಂದ್ರಲ್ಲ ದೊಡ್ಡಮ್ಮ," ಎಂದಳು. ಉಳಿದದ್ದನ್ನು ಕೇಳಿಸಿಕೊಂಡವಳ ಹಾಗೆ ಕಾಣಲಿಲ್ಲ.

ಗಾಯ ಮಾಗಿತು. ಮನೆಯಲ್ಲಿ ಕೂತು, ಮುಲಾಮು ಹಚ್ಚಿ, ಹತ್ತಿಯ ಗ್ಲೌಸು ತೊಟ್ಟು, ಪಾತ್ರೆಯನ್ನೂ ತೊಳೆಯದೆ ಇದ್ದಳು. ಮನೆಯ ಮಾಲೀಕ ಬಾಡಿಗೆಗಾಗಿ ಬಂದು ಬಾಗಿಲು ತಟ್ಟಿ ಹೋಗುತ್ತಿದ್ದ. ಒಂದು ಬೆಳಿಗ್ಗೆ ಮಾಲೀಸಿನ ಮನೆಗೆ ಓಡಿ ಬಂದು ಕೈ ಎರಡನ್ನೂ ದೊಡ್ಡಮ್ಮನ ಮುಖದ ಮುಂದೆ ಹಿಡಿದಳು. ಹಳೆಯ ಕೈ. ಮೆತ್ತಗಿನ, ಬಿಳಿಚಿದ, ಗುಳ್ಳೆಯಿಲ್ಲದ ಕೈ.

"ನೋಡು! ನೋಡು ಮತ್ತೆ!"

ದೊಡ್ಡಮ್ಮ ನೋಡಿದಳು. "ಡಾಕ್ಟರು ಹೇಳಿದ್ದು..."

"ಸಾದಾ ಎಣ್ಣೆಯಲ್ಲಿ ಮಾತ್ರ ತಿಕ್ತೀನಿ. ಸೀಸೆ ಮುಟ್ಟಲ್ಲ. ಆಣೆ."

ಟೀಚರಮ್ಮನ ಕುತ್ತಿಗೆಗೆ ಸಾದಾ ಎಳ್ಳೆಣ್ಣೆ ಹಚ್ಚಿದಳು. ಅದೇ ಕೋಣೆ, ಅದೇ ಮಂಚ. ಮಂಚದ ಹಾಸು ವರ್ಷಗಟ್ಟಲೆ ಘಾಟೆಣ್ಣೆ ಕುಡಿದದ್ದು, ಕಪಾಟಿನ ಮರ ಕುಡಿದದ್ದು, ಗಾಳಿಯೇ ಕುಡಿದದ್ದು. ಟೀಚರಮ್ಮ ಎದ್ದು ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಹನಿಯಕ್ಕ ಹಿತ್ತಲಿಗೆ ಬಂದು ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು. ಕೈ ಮಾತ್ರವಲ್ಲ, ಕಣ್ಣಿನ ರೆಪ್ಪೆಯೂ ಊದಿ ಕಣ್ಣು ಗೆರೆಯಾಗಿತ್ತು. ನೀರು ಸುರಿಯುತ್ತಲೇ ಇತ್ತು. ದೊಡ್ಡಮ್ಮ ನಲ್ಲಿ ನಿಲ್ಲಿಸಲಿಲ್ಲ.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ನೀರಿನ ಬಾನಿಯಲ್ಲಿ ಬಿತ್ತಂತೆ," ಎಂದು ಹನಿಯಕ್ಕ ಊದಿದ ಮುಖದಲ್ಲೇ ನಗಲು ನೋಡಿದಳು. ಆಮೇಲೆ ಅತ್ತಳು.

ಯಜಮಾನಿ ಬಂದು ನೋಡಿ, ತಾನೂ ಕಣ್ಣು ಒರೆಸಿಕೊಂಡು, "ನಿನ್ನ ಜಾಗ ನಿನಗೇ ಇರುತ್ತೆ ಹನಿ, ವಾಸಿ ಮಾಡ್ಕೊಂಡು ಬಾ," ಎಂದಳು. ವಾಸಿಯಾಗುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಕೆಲವೇ ವಾರಗಳಲ್ಲಿ ಹೊಸಬಳೊಬ್ಬಳು ಬಂದಳು.

*

ಹನಿಯಕ್ಕ ಅಣ್ಣನ ಮನೆಗೇ ಹೋದಳು.

ಬೀದಿಯ ಪಕ್ಕದ ಕೋಣೆ, ಒಂದು ಕಿಟಕಿ. ಘಮವಿರುವ ಎಲ್ಲದರಲ್ಲೂ ಅದೇ ಸಾರ, ಹಾಗಾಗಿ ಅತ್ತಿಗೆ ಅವಳಿಗಾಗಿ ವಾಸನೆಯಿಲ್ಲದ ಸೋಪು ತಂದಳು. ಮಕ್ಕಳಿಗೆ ಪೌಡರು ಬೇಡವೆಂದಳು, ತಲೆಗೆ ಹಚ್ಚುವ ಎಣ್ಣೆ ಬದಲಾಯಿಸಿದಳು, ನೆಲ ಒರೆಸಲು ಬರಿ ನೀರು. ಎಲ್ಲ ಮಾಡಿದಳು, ಮಾಡಿದ್ದನ್ನೆಲ್ಲ ಹೇಳಿಯೂ ಹೇಳಿದಳು.

ದೊಡ್ಡಮ್ಮ ರಜೆಯ ದಿನ ನೋಡಲು ಹೋದಾಗ ಅತ್ತಿಗೆ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು. "ಬನ್ನಿ ದೊಡ್ಡಮ್ಮ. ನಮ್ಮನೇಲಿ ಈಗ ಹೂವಿಗೂ ಪ್ರವೇಶ ಇಲ್ಲ, ನಿಮಗೆ ಇದೆ. ಒಗ್ಗರಣೆ ಹಾಕ್ಬೇಕಾದ್ರೂ ನಾದಿನಿ ಕೋಣೆ ಬಾಗಿಲು ಹಾಕಿದೆಯಾ ಅಂತ ನೋಡಿ ಹಾಕ್ತೀನಿ. ನನ್ನ ಗಂಡನಿಗೆ ಬಿಟ್ರೆ ಯಾರಿಗೂ ಹೆದರದವಳು ನಾನು, ಈಗ ಲವಂಗಕ್ಕೆ ಹೆದರ್ತೀನಿ." ನಕ್ಕಳು, ಆದರೆ ಕಣ್ಣಿನ ಕೆಳಗೆ ಕಪ್ಪಿತ್ತು.

ಹನಿಯಕ್ಕ ಗೋಡೆಗೆ ಒರಗಿ ಕೂತಿದ್ದಳು. ಕೈಗೆ ಹತ್ತಿ ಬಟ್ಟೆ ಸುತ್ತಿತ್ತು. ದಪ್ಪಗಿದ್ದ ಮುಖ ಇಳಿದಿತ್ತು.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನೋಡು, ಕೈ ಸುಮ್ನೆ ಕೂತಿದೆ, ಬಾಯಿಗೆ ಮಾತ್ರ ಹೊತ್ತು ಹೊತ್ತಿಗೆ ಬರ್ತಿದೆ," ಎಂದಳು. ನಗುವ ಮಾತೇ, ಯಾರೂ ನಗಲಿಲ್ಲ.

ಹೊರಡುವ ಹೊತ್ತಿಗೆ ಮೆಲ್ಲಗೆ ಕೇಳಿದಳು. "ದೊಡ್ಡಮ್ಮ, ಬೆನ್ನು ಹಿಡ್ಕೊಂಡಿದೆ. ಕೂತು ಕೂತು. ಇಷ್ಟು ವರ್ಷ ಊರಿನ ಬೆನ್ನೆಲ್ಲಾ ನೀವಿದೆ, ನನ್ನ ಬೆನ್ನು ಯಾರೂ ಮುಟ್ಟಲಿಲ್ಲ. ಅತ್ತಿಗೇನ ಕೇಳೋಕೆ ನಾಚಿಕೆ. ಸ್ವಲ್ಪ ಒತ್ತುತ್ತೀಯಾ?"

ದೊಡ್ಡಮ್ಮ ಬಚ್ಚಲಿಗೆ ಹೋಗಿ ಆ ಮನೆಯ ಸೋಪಿನಿಂದ ಕೈ ತೊಳೆದಳು, ಮತ್ತೆ ತೊಳೆದಳು, ಉಗುರ ಸಂದಿಯನ್ನೂ ಬಿಡದೆ ತೊಳೆದಳು. ಬಂದು ಒತ್ತಿದಳು. ಅವಳದು ಕಲಿತ ಕೈಯಲ್ಲ, ಟವೆಲ್ಲು ಹಿಂಡುವ ಕೈ. ಆದರೂ ಹನಿಯಕ್ಕ ಕಣ್ಣು ಮುಚ್ಚಿ, "ಇಲ್ಲಿ... ಹೂಂ... ಬೆಟ್ಟು ಬೇಡ, ಅಂಗೈ ಇಡು... ನಿಧಾನ," ಎಂದು ಹೇಳಿಕೊಡುತ್ತ ಹೇಳಿಕೊಡುತ್ತ ಹಾಗೇ ನಿದ್ದೆ ಹೋದಳು. ದೊಡ್ಡಮ್ಮ ಎದ್ದು ಬಂದಳು. ದಾರಿಯಲ್ಲಿ ಅವಳ ಮನಸ್ಸು ಹಗುರವಾಗಿತ್ತು. ವಾರ ವಾರ ಬಂದು ಒತ್ತಬಹುದು ಎಂದುಕೊಂಡಳು.

ಮುಂದಿನ ರಜೆಯ ದಿನ ಅತ್ತಿಗೆ ಒಳಗೆ ಬಿಡಲಿಲ್ಲ. ಹೊಸ್ತಿಲ ಆಚೆ ನಿಂತೇ ಹೇಳಿದಳು. ಬಯ್ಯಲಿಲ್ಲ.

"ಮಾರನೇ ದಿನ ಎದ್ದಿತು ದೊಡ್ಡಮ್ಮ. ಬೆನ್ನ ಮೇಲೆ. ಎರಡು ಅಂಗೈ, ಹತ್ತು ಬೆರಳು. ಅಚ್ಚು ಹಾಕಿದ ಹಾಗೆ."

ದೊಡ್ಡಮ್ಮ ತನ್ನ ಕೈ ನೋಡಿಕೊಂಡಳು. ಗ್ಲೌಸು ಹಾಕಿಕೊಂಡು ಒಗೆದರೂ ಮಡಚುವುದು ಬರಿಗೈಯಲ್ಲಿ. ತಣ್ಣಗಿದೆಯೇ ಎಂದು ಮುಟ್ಟಿ ನೋಡುವುದು ಬರಿಗೈಯಲ್ಲಿ. ಬಿರುಕಿನೊಳಗೆ, ಉಗುರಿನಡಿಯಲ್ಲಿ, ತಲೆಗೂದಲಿನಲ್ಲಿ, ಉಟ್ಟ ಬಟ್ಟೆಯ ನೂಲಿನಲ್ಲಿ ಅದು ಕೂತಿತ್ತು. ತನ್ನ ಮೈಮೇಲಿನದು ಅವಳ ಮೂಗಿಗೆ ತಿಳಿಯುವುದು ಎಂದೋ ನಿಂತುಹೋಗಿತ್ತು.

ಅವಳು ಬೇರೆ ಕೆಲಸ ಹುಡುಕದೆ ಇರಲಿಲ್ಲ. ಹೋಟೆಲಿನಲ್ಲಿ ಕೇಳಿದಳು, ಎರಡು ಮನೆಯಲ್ಲಿ ಕೇಳಿದಳು. ಈ ವಯಸ್ಸಿನಲ್ಲಿ ಕೂತು ತಿನ್ನಬಾರದೇ ಅಜ್ಜಿ ಎಂದರು. ಕೂತರೆ ತಿನ್ನಲು ಯಾರು ಕೊಡುತ್ತಾರೆ ಎಂಬುದನ್ನು ಯಾರೂ ಹೇಳಲಿಲ್ಲ. ಕಡಲೆಹಿಟ್ಟಿನಲ್ಲಿ ಕೈ ತಿಕ್ಕಿದಳು, ಬೂದಿಯಲ್ಲಿ ತಿಕ್ಕಿದಳು, ಬಿಸಿನೀರಿನಲ್ಲಿ ಬೇಯಿಸಿದ ಹಾಗೆ ಅದ್ದಿದಳು. ಅಷ್ಟಾದ ಮೇಲೂ, ಮರುದಿನ ಬೆಳಿಗ್ಗೆ ಬುಟ್ಟಿ ಕಾಯುತ್ತಿತ್ತು.

ಮಾಲೀಸಿನ ಮನೆಯ ಹೊಸಬಳು ಚುರುಕಿನವಳು. ಹನಿ ಎಣಿಸುವುದನ್ನು ಯಜಮಾನಿ ಅವಳಿಗೂ ಕಲಿಸಿದ್ದಳು. ಒಂದು ಮಧ್ಯಾಹ್ನ ಅವಳು ಹಿತ್ತಲಿಗೆ ಬಂದು, ಹೊಸ ಸೀಸೆಯ ಮುಚ್ಚಳ ತೆಗೆದು, ಒಂದು ತೊಟ್ಟನ್ನು ತನ್ನ ತೋಳಿನ ಒಳಮಗ್ಗುಲಿಗೆ ಹಚ್ಚಿ ಬಿಸಿಲಿಗೆ ಹಿಡಿದಳು.

ದೊಡ್ಡಮ್ಮನ ಕೈಯಿಂದ ಟವೆಲ್ಲು ಜಾರಿತು. "ಹಾಗೆ ಮಾಡಬೇಡ ಮಗಳೇ. ಹಚ್ಚಿ ನೋಡೋದಾದ್ರೆ ಅವರ ಮೈಗೆ ಹಚ್ಚಿ ನೋಡು. ಬೆರೆಸಿ ಹಚ್ಚು."

"ಅವರು ಕಾಯಲ್ಲ ದೊಡ್ಡಮ್ಮ."

"ನಿನ್ನ ಮುಂಚೆ ಇದ್ದವಳೂ ಇದನ್ನೇ ಅಂದಳು. ಈಗ ಅವಳು..."

ಹೊಸಬಳು ಎಲ್ಲ ಕೇಳಿಸಿಕೊಂಡಳು. ಅಯ್ಯೋ ಪಾಪ ಎಂದಳು. ತೋಳಿನ ಮೇಲೆ ಉಫ್ ಎಂದು ಊದಿಕೊಂಡಳು. "ಅವರವರ ಮೈ ಅವರವರಿಗೆ. ನನ್ನದು ಗಟ್ಟಿ ಚರ್ಮ ಬಿಡು."

*

ಹನಿಯಕ್ಕನ ಅಣ್ಣನ ಮನೆಯೊಳಗೆ ಹೋಗುವಂತಿರಲಿಲ್ಲ, ಹಾಗಾಗಿ ದೊಡ್ಡಮ್ಮ ಬೀದಿಯ ಆಚೆ ಬದಿ, ಎದುರು ಮನೆಯ ಕಾಂಪೌಂಡಿಗೆ ಒರಗಿ ನಿಲ್ಲುತ್ತಿದ್ದಳು. ಹನಿಯಕ್ಕ ಕಿಟಕಿಯ ಹಿಂದೆ. ನಡುವೆ ಒಂದು ಸೈಕಲ್ಲು, ಒಂದು ನಾಯಿ, ಹೋಗಿ ಬರುವವರು. ಗಾಳಿ ಮನೆಯ ಕಡೆಯಿಂದ ದೊಡ್ಡಮ್ಮನ ಕಡೆ ಬೀಸುತ್ತಿದ್ದರೆ ಕಿಟಕಿ ತೆರೆಯಬಹುದು, ಇಬ್ಬರೂ ಕೂಗಿ ಕೂಗಿ ಮಾತಾಡಬಹುದು. ಗಾಳಿ ದೊಡ್ಡಮ್ಮನ ಕಡೆಯಿಂದ ಮನೆಗೆ ಬೀಸುತ್ತಿದ್ದರೆ ಕಿಟಕಿ ತೆರೆಯುವಂತಿಲ್ಲ. ಕೋಣೆಯೊಳಗೆ ಕೂತವಳಿಗೆ ಗಾಳಿ ತಿಳಿಯುತ್ತಿರಲಿಲ್ಲ, ದೊಡ್ಡಮ್ಮನೇ ನೋಡಿ ಹೇಳಬೇಕು. ಅಣ್ಣನ ಮನೆಯ ಮಹಡಿಯ ಮೇಲೆ ಮಕ್ಕಳ ಅಂಗಿ ಒಣಹಾಕಿರುತ್ತಿದ್ದರು. ಅಂಗಿಯ ತೋಳು ಯಾವ ಕಡೆ ಹಾರುತ್ತದೆ ಎಂದು ನೋಡಿ ದೊಡ್ಡಮ್ಮ ನಿಜ ಹೇಳುತ್ತಿದ್ದಳು. ತೆರೆಯಬೇಡ ಎಂದು ಹೇಳಿ, ಮುಚ್ಚಿದ ಕಿಟಕಿಗೆ ಕೈ ಬೀಸಿ, ಬಂದ ದಾರಿ ಹಿಡಿದ ದಿನಗಳೇ ಹೆಚ್ಚು.

ತೆರೆದ ದಿನ ಹನಿಯಕ್ಕ ಕೇಳುತ್ತಿದ್ದದ್ದು ಮಾಲೀಸಿನ ಮನೆಯ ಸುದ್ದಿಯನ್ನೇ. ಡ್ರೈವರನ ಸೊಂಟ ಹೇಗಿದೆ? ಟೀಚರಮ್ಮ ಇನ್ನೂ ತಲೆದಿಂಬು ಎರಡು ಇಟ್ಟುಕೊಳ್ಳುತ್ತಾರಾ? ಹೊಸಬಳು ಅಂಗೈ ಇಡುತ್ತಾಳಾ, ಬರೀ ಬೆಟ್ಟಿನಲ್ಲಿ ಚುಚ್ಚುತ್ತಾಳಾ? ತೋಳಿನ ವಿಷಯವನ್ನು ದೊಡ್ಡಮ್ಮ ಹೇಳಲಿಲ್ಲ. "ಚೆನ್ನಾಗಿ ಮಾಡ್ತಾಳೆ, ನಿನ್ನಷ್ಟು ಅಲ್ಲ," ಎನ್ನುತ್ತಿದ್ದಳು. ಬಟ್ಟೆ ಸುತ್ತಿದ ಎರಡು ಕೈ ಕಿಟಕಿಯ ಸರಳು ಹಿಡಿಯಲು ಬಂದು, ಹಿಡಿಯಲಾರದೆ ಕೆಳಗೆ ಇಳಿಯುತ್ತಿದ್ದವು.

ಕೊನೆಯ ಸಲ ಹೋದಾಗ ಅತ್ತಿಗೆ ಬೀದಿಗೇ ಬಂದು ಹೇಳಿದಳು. ಬೀದಿಯಲ್ಲಿ ಹೋಗುವವರ ಸೆಂಟು, ತಿರುವಿನ ಕ್ಷೌರದಂಗಡಿಯ ಕ್ರೀಮು, ಪಕ್ಕದ ಮನೆಯವರು ಹಚ್ಚುವ ಸೊಳ್ಳೆಬತ್ತಿ, ಈಗ ಎಲ್ಲದಕ್ಕೂ ಹನಿಯಕ್ಕನ ಕಣ್ಣು ಊದುತ್ತಿತ್ತು, ಗಂಟಲು ಕಟ್ಟುತ್ತಿತ್ತು. ನಾಳೆ ಬಡಗಿ ಬರುತ್ತಾನೆ. ಕಿಟಕಿಗೆ ಗಾಜು ಕೂರಿಸಿ, ಸಂದಿಗೆಲ್ಲ ಮೇಣ ತುಂಬಿ, ಬಿಗಿಯಾಗಿ ಮುಚ್ಚಿಬಿಡುತ್ತಾನೆ.

"ಆಮೇಲೆ ಬಂದ್ರೂ ಮಾತು ಕೇಳ್ಸಲ್ಲ ದೊಡ್ಡಮ್ಮ. ಮುಖ ಕಾಣುತ್ತೆ." ಅತ್ತಿಗೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. "ಅವಳಿಗೆ ಹೇಳಿದ್ದೀನಿ. ನೀವು ಬರೋದನ್ನೇ ಬೆಳಿಗ್ಗೆಯಿಂದ ಕಾಯ್ತಿದ್ದಾಳೆ."

ದೊಡ್ಡಮ್ಮ ಎದುರು ಕಾಂಪೌಂಡಿಗೆ ಹೋಗಿ ನಿಂತಳು. ಆವತ್ತು ಅವಳು ಹೊಸ ಬಟ್ಟೆ ಉಟ್ಟಿದ್ದಳು, ತಲೆಗೆ ನೀರು ಹಾಕಿಕೊಂಡಿದ್ದಳು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಮುಚ್ಚಿದ ಕಿಟಕಿಯ ಮರದ ಸಂದಿಯಲ್ಲಿ ನೆರಳು ಎದ್ದು ಬಂತು. ಬಟ್ಟೆ ಸುತ್ತಿದ ಕೈ ಚಿಲಕದ ಮೇಲೆ ಕೂತಿತು.

ದೊಡ್ಡಮ್ಮ ತಲೆಯೆತ್ತಿ ಮಹಡಿ ನೋಡಿದಳು. ಒಣಹಾಕಿದ ಪುಟ್ಟ ಅಂಗಿಗಳು ಬೀದಿಗೆ ಬೆನ್ನು ಮಾಡಿ, ತೋಳು ಚಾಚಿ, ಮನೆಯ ಕಡೆಗೇ ಹಾರುತ್ತಿದ್ದವು.

ಒಳಗಿನಿಂದ, ಮರದ ಬಾಗಿಲಿಗೆ ಬಾಯಿ ಹಚ್ಚಿ, ಹನಿಯಕ್ಕ ಕೇಳಿದಳು.

"ದೊಡ್ಡಮ್ಮ, ಗಾಳಿ ಯಾವ ಕಡೆ ಬೀಸ್ತಿದೆ, ನೋಡಿ ಹೇಳ್ತೀಯಾ?"